ಸೀಸನ್ನಿನ ಮೊದಲ ಮ್ಯಾಚಿಗೆ ಹಳೇ ಪಟ್ಟಿ ಬೇಡ

ಬೆಂಗಳೂರಿನಲ್ಲಿ ಕೂತು ಯುರೋಪಿನ ಫುಟ್‌ಬಾಲ್ ಮ್ಯಾಚುಗಳ ಲೈವ್ ಡೇಟಾ ಹಾಕುವ ಕೆಲಸ ನನ್ನದು. ಗೋಲ್ ಯಾರದು, ಕಾರ್ಡ್ ಯಾರಿಗೆ, ಯಾವ ನಿಮಿಷಕ್ಕೆ ಯಾರು ಒಳಗೆ ಬಂದರು, ಎಲ್ಲ ನೋಡನೋಡುತ್ತಲೇ ಟೈಪ್ ಆಗಬೇಕು. ಹೊಸಬರು ದೊಡ್ಡ ಲೀಗುಗಳಿಗೆ ಹೆದರುತ್ತಾರೆ. ನನ್ನನ್ನು ಕೇಳಿದರೆ ಅಲ್ಬೇನಿಯಾದ ಸೂಪರ್ ಕಪ್‌ನಂಥ ಮ್ಯಾಚಿಗೇ ಹೆಚ್ಚು ತಯಾರಿ ಬೇಕು.

ಹಿಂದಿನ ಸೀಸನ್ನಿನಲ್ಲಿ ಲೀಗ್ ಗೆದ್ದ ತಂಡಕ್ಕೂ ಕಪ್ ಗೆದ್ದ ತಂಡಕ್ಕೂ ನಡುವೆ ನಡೆಯುವ ಒಂದೇ ಒಂದು ಮ್ಯಾಚ್ ಅದು. 1989ರಿಂದ ಇದೆ. ಸಾಮಾನ್ಯವಾಗಿ ಹೊಸ ಸೀಸನ್ನಿಗೆ ಬಾಗಿಲು ತೆಗೆಯುವ ಆಟ ಇದು. ಅಷ್ಟರಲ್ಲಿ ಆಟಗಾರರು ಕ್ಲಬ್ ಬದಲಿಸಿರುತ್ತಾರೆ; ಹೋದ ವರ್ಷ ಒಂದು ತಂಡದಲ್ಲಿ 9ನೇ ನಂಬರ್ ಹಾಕಿದ್ದವನು ಈಗ ಎದುರು ತಂಡದಲ್ಲೇ ಇದ್ದಾನು.

ಟ್ರೇನಿಂಗಿನಲ್ಲಿ ನಾನು ಯಾವಾಗಲೂ 2017ರ ಮ್ಯಾಚ್ ಹೇಳುತ್ತೇನೆ. ಆ ವರ್ಷ ಕುಕೆಸಿ ಕ್ಲಬ್ ಮೊದಲ ಸಲ ಲೀಗ್ ಗೆದ್ದಿತ್ತು. ದೇಶದಲ್ಲೇ ಅತಿ ಹೆಚ್ಚು ಸಲ ಚಾಂಪಿಯನ್ ಆಗಿದ್ದ ತಿರಾನಾ ಕ್ಲಬ್ ತನ್ನ ಇತಿಹಾಸದಲ್ಲೇ ಮೊದಲ ಸಲ ಎರಡನೇ ದರ್ಜೆಗೆ ಬಿದ್ದಿತ್ತು. ಆದರೆ ಅದೇ ಸೀಸನ್ನಿನಲ್ಲಿ ಫೈನಲ್‌ನಲ್ಲಿ ಸ್ಕೆಂಡರ್ಬೆವು ತಂಡವನ್ನು ಸೋಲಿಸಿ ಕಪ್ ಎತ್ತಿತ್ತು. ಹಾಗಾಗಿ ಸೂಪರ್ ಕಪ್ ಆಡಿತು, ಚಾಂಪಿಯನ್ನರನ್ನೇ ಸೋಲಿಸಿತು. ಅವತ್ತು ಮೊದಲ ದರ್ಜೆಯ ಪಟ್ಟಿ ತೆರೆದು ತಂಡ ಆರಿಸಲು ಹೊರಟವರಿಗೆ ತಿರಾನಾ ಹೆಸರೇ ಸಿಗುತ್ತಿರಲಿಲ್ಲ. ಎಂಥ ಗೆಲುವು ಅದು! ಈಗಲೂ ಹೇಳುವಾಗ ಮೈ ಜುಮ್ಮೆನ್ನುತ್ತದೆ.

ಸೀಸನ್ ಆರಂಭದ್ದು ಅಂತ ಆಗಸ್ಟಿಗೇ ಶಿಫ್ಟ್ ಹಾಕಿಬಿಡುವ ಹಾಗೂ ಇಲ್ಲ. 2022ರದ್ದು ನಡೆದದ್ದು ಡಿಸೆಂಬರಿನಲ್ಲಿ. ತಿಂಗಳು ಬದಲಾದರೆ ಶಿಫ್ಟಿನ ಹೊತ್ತೂ ಬದಲಾಗುತ್ತದೆ: ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ.

ಮೊನ್ನೆ ಹೊಸ ಹುಡುಗನೊಬ್ಬ ಕೇಳಿದ: "ಮೇಡಂ, ಹೋದ ಸೀಸನ್ನಿನ ಸ್ಕ್ವಾಡ್ ಕಾಪಿ ಮಾಡಿಡ್ಲಾ? ಟೈಮ್ ಉಳಿಯುತ್ತೆ."

"ಬೇಡಪ್ಪ, ಖಾಲಿ ಬಿಡು. ಅವತ್ತು ಆಡುವವರ ಲೈನ್‌ಅಪ್ ಬರಲಿ."

ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ, ಯಾರಾದರೂ ತುಂಬುತ್ತಾರೆ. ಹಳೇ ಹೆಸರು ಕೂತಿದ್ದರೆ ಯಾರೂ ಮತ್ತೆ ನೋಡುವುದಿಲ್ಲ. ಅದಕ್ಕೇ ನಮ್ಮಲ್ಲಿ ಈಗ ಒಬ್ಬರು ನಂಬರ್, ಹೆಸರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಟೈಪ್ ಮಾಡುತ್ತಾರೆ. ಬೆಂಚಿನಲ್ಲಿ ಕೂರುವ ಬದಲಿ ಆಟಗಾರರದ್ದನ್ನು ನಾನು ಎರಡು ಸಲ ಓದಿಸುತ್ತೇನೆ. ಸೀಸನ್ನಿನ ಮೊದಲ ಆಟದಲ್ಲಿ ಆಟಗಾರರಿಗೆ ಇನ್ನೂ ಪೂರ್ತಿ ದಮ್ಮು ಬಂದಿರುವುದಿಲ್ಲ; ದ್ವಿತೀಯಾರ್ಧದಲ್ಲಿ ಸಬ್‌ಗಳು ಒಬ್ಬರ ಹಿಂದೊಬ್ಬರು ಇಳಿಯುತ್ತಾರೆ, ಆಗ ಹೆಸರು ಹುಡುಕುತ್ತಾ ಕೂರಲು ಪುರುಸೊತ್ತಿರುವುದಿಲ್ಲ.