ಕಪ್ಪು ಪಾಚಿ ಕೆಂಪಾದಾಗ

ಮೈಸೂರಿನಲ್ಲಿರುವ ಅಕ್ಕನ ಮನೆಯ ಫಿಶ್ ಟ್ಯಾಂಕಿಗೆ ಕಪ್ಪು ಪಾಚಿ ಹಿಡಿದಿತ್ತು. ಅನುಬಿಯಾಸ್ ಎಲೆಗಳ ಅಂಚು, ಫಿಲ್ಟರ್ ಪೈಪಿನ ಬಾಯಿ, ಮರದ ಕೊರಡು, ಎಲ್ಲ ಕಡೆ ಕುಚ್ಚು ಕುಚ್ಚಾಗಿ ಬೆಳೆದಿತ್ತು. ಉಗುರಿನಲ್ಲಿ ಕೆರೆದರೂ ಬರುತ್ತಿರಲಿಲ್ಲ.

"ಮೀನನ್ನ ಯಾರಿಗಾದ್ರೂ ಕೊಟ್ಟು ಟ್ಯಾಂಕನ್ನ ಅಟ್ಟಕ್ಕೆ ಹಾಕ್ತೀನಿ ಕಣೋ" ಅಂದಳು ಅಕ್ಕ. ನನಗೆ ಸಂಕಟವಾಯಿತು. ಅನುಬಿಯಾಸ್ ತುಂಬಾ ನಿಧಾನವಾಗಿ ಬೆಳೆಯುವ ಗಿಡ. ಅವಳು ವರ್ಷಗಟ್ಟಲೆ ಸಾಕಿದ್ದು. ಹಾಗೆಲ್ಲ ಬಿಡೋಕಾಗುತ್ತಾ?

ಪಕ್ಕದ ಮನೆಯವರು ಆಲ್ಗೇ ಈಟರ್ ಮೀನು ತಂದು ಬಿಡಿ ಅಂದಿದ್ದರಂತೆ. ನಾನು ಬೇಡ ಅಂದೆ. ಈ ಪಾಚಿಯನ್ನು ನಿಜಕ್ಕೂ ತಿನ್ನುವುದು ಸಯಾಮೀಸ್ ಆಲ್ಗೇ ಈಟರ್. ಅದರ ಕಪ್ಪು ಪಟ್ಟೆ ಬಾಲದ ತುದಿಯವರೆಗೂ ಹೋಗುತ್ತದೆ. ಅದು ಅರ್ಧ ಅಡಿ ಬೆಳೆಯುತ್ತದೆ, ಅಕ್ಕನ 60 ಲೀಟರಿನ ಟ್ಯಾಂಕ್ ಅದಕ್ಕೆ ಸಾಲದು. ಅಂಗಡಿಯಲ್ಲಿ ಅದೇ ಹೆಸರಲ್ಲಿ ಚೈನೀಸ್ ಆಲ್ಗೇ ಈಟರ್ ಕೊಟ್ಟುಬಿಡುವುದೂ ಉಂಟು. ಅದು ದೊಡ್ಡದಾದ ಮೇಲೆ ಪಾಚಿ ಬಿಟ್ಟು ಬೇರೆ ಮೀನುಗಳ ಮೇಲೆ ಬೀಳುತ್ತದೆ.

ಮೆಡಿಕಲ್ ಶಾಪಿನಿಂದ ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ತಂದೆ. ನಮ್ಮಲ್ಲಿ ಸಿಗುವುದು ಸಾಮಾನ್ಯವಾಗಿ ಶೇ. 6ರದ್ದು. ಅಷ್ಟೇ ನೀರು ಬೆರೆಸಿ ಶೇ. 3ಕ್ಕೆ ಇಳಿಸಿದೆ. ಟ್ಯಾಂಕಿನ ನಾಲ್ಕು ಲೀಟರ್ ನೀರಿಗೆ ಇದು 1 ಎಂ.ಎಲ್. ಲೆಕ್ಕದಲ್ಲಿ ಒಟ್ಟು 15 ಎಂ.ಎಲ್. ಅದಕ್ಕಿಂತ ಜಾಸ್ತಿ ಹಾಕಿದರೆ ಮೀನಿನ ಕಿವಿರಿಗೆ ಕಷ್ಟ. ಫಿಲ್ಟರ್ ನಿಲ್ಲಿಸಿ, ನೀರು ಅಲುಗಾಡದಂತಾದ ಮೇಲೆ, ಸೂಜಿ ತೆಗೆದ ಸಿರಿಂಜನ್ನು ಎಲೆಯ ಹತ್ತಿರ ಹಿಡಿದು ಕುಚ್ಚುಗಳ ಮೇಲೆ ಮೆಲ್ಲಗೆ ಬಿಟ್ಟೆ. ಮೂಲೆಯಲ್ಲಿದ್ದ ವ್ಯಾಲಿಸ್ನೇರಿಯಾ ಗಿಡದ ಕಡೆ ಹೋಗಲಿಲ್ಲ, ಅದಕ್ಕೆ ಪೆರಾಕ್ಸೈಡ್ ಆಗಿಬರುವುದಿಲ್ಲ.

ನೋಡನೋಡುತ್ತಿದ್ದಂತೆ ಒಂದೊಂದು ಎಳೆಯಿಂದಲೂ ಸಣ್ಣ ಸಣ್ಣ ಗುಳ್ಳೆ ಎದ್ದವು. ಪೆರಾಕ್ಸೈಡ್ ಒಡೆದು ನೀರು, ಆಮ್ಲಜನಕ ಆಗುವುದು ಅದು. ಅಕ್ಕ ಗಾಜಿಗೆ ಮೂಗು ತಾಗಿಸಿಕೊಂಡು ನಿಂತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಫಿಲ್ಟರ್ ಹಾಕಿದೆವು. ಕೊರಡಿನ ಸರದಿ ಮರುದಿನಕ್ಕೆ. ಎಲ್ಲಾ ಒಂದೇ ಸಲ ಮಾಡಹೋದರೆ ಅಳತೆ ಮೀರುತ್ತದೆ.

ಔಷಧಿ ಅಷ್ಟೇ ಸಾಕಾಗುವುದಿಲ್ಲ. ಬೆಳಗ್ಗೆಯಿಂದ ರಾತ್ರಿ ಮಲಗುವವರೆಗೂ ಲೈಟ್ ಉರಿಯುತ್ತಿತ್ತು. "ಬೆಳಕಿದ್ರೆ ತಾನೇ ಗಿಡ ಬೆಳೆಯೋದು?" ಅಂತ ಅಕ್ಕನ ವಾದ. ಪಾಚಿಗೂ ಅದೇ ಬೆಳಕು ಅಲ್ವಾ? ಟೈಮರ್ ಹಾಕಿ ದಿನಕ್ಕೆ ಏಳು ಗಂಟೆಗೆ ಇಳಿಸಿದೆ. ತಳದಲ್ಲಿ ಕೂತಿದ್ದ ಕೊಳೆತ ಎಲೆ, ಮೀನಿನ ಹಿಕ್ಕೆಯನ್ನೆಲ್ಲ ಪೈಪ್ ಹಾಕಿ ಎಳೆದು ತೆಗೆದೆ. ಬೇಗ ಬೆಳೆಯುವ ವಾಟರ್ ಸ್ಪ್ರೈಟ್ ನೆಟ್ಟೆ. ನೀರಿನಲ್ಲಿರುವ ಸತ್ವವನ್ನು ಪಾಚಿಗಿಂತ ಮೊದಲು ಗಿಡ ಎಳೆದುಕೊಳ್ಳಬೇಕು. ನನ್ನ ಪ್ರಕಾರ ಅರ್ಧ ಕೆಲಸ ಮಾಡುವುದು ಈ ಗಿಡವೇ.

ಎರಡು ದಿನ ಬಿಟ್ಟು ಅಕ್ಕ ಫೋಟೋ ಕಳಿಸಿದಳು. ಅನುಬಿಯಾಸ್ ಮೇಲಿನ ಕುಚ್ಚುಗಳು ನಸುಗೆಂಪಾಗಿದ್ದವು. ಕಪ್ಪಾಗಿ ಕಂಡರೂ ಇದು ಕೆಂಪು ಪಾಚಿಗಳ ಗುಂಪಿನದು. ಸಾಯುವಾಗ ಆ ಕೆಂಪು ಹೊರಗೆ ಕಾಣುತ್ತದೆ. ಮೆತ್ತಗಾದ ಎಳೆಗಳನ್ನು ಮೊಲ್ಲಿ ಮೀನುಗಳು ಕಿತ್ತು ತಿನ್ನುತ್ತಿದ್ದವು. ತೀರಾ ಕೆಟ್ಟಿದ್ದ ಎಲೆಗಳನ್ನು ಅವಳೇ ಬುಡಕ್ಕೆ ಕತ್ತರಿಸಿದ್ದಳು. ಈಗ ವಾಟರ್ ಸ್ಪ್ರೈಟ್ ಎಷ್ಟು ಬೆಳೆಯುತ್ತಿದೆ ಅಂದರೆ, ಕತ್ತರಿಸಿದ್ದನ್ನು ಪಕ್ಕದ ಮನೆಯ ಟ್ಯಾಂಕಿಗೂ ಕೊಡುತ್ತಿದ್ದಾಳೆ.