ನಾಲ್ಕನೇ ಎಡಿಟರ್ ಕೂತರೆ ನಿಲ್ಲುವ ವಿಡಿಯೊ: ಮಲ್ಪೆ ರಸ್ತೆಯ ಸ್ಟುಡಿಯೊದಲ್ಲೊಂದು ಬಾಂಡ್ ರಿಪೇರಿ

ತುಳುನಾಡಿನ ಪತ್ತನಾಜೆ ದಿನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಉಡುಪಿ ಕಡೆಯ ಯಕ್ಷಗಾನ ರೆಕಾರ್ಡಿಂಗ್ ಸ್ಟುಡಿಯೊಗಳಲ್ಲಿ ಎಡಿಟಿಂಗ್ ಸುಗ್ಗಿ. ತಿರುಗಾಟದುದ್ದಕ್ಕೂ ಚಿತ್ರೀಕರಿಸಿ ಗುಡ್ಡೆ ಹಾಕಿದ್ದನ್ನು ಮಳೆಗಾಲ ಮುಗಿಯುವುದರೊಳಗೆ ಕತ್ತರಿಸಿ ಕೊಡಬೇಕು. ಮಲ್ಪೆ ರಸ್ತೆಯ ಅಂಥದೊಂದು ಸ್ಟುಡಿಯೊದ ದೂರು ಇದು: ಇಬ್ಬರು ಎಡಿಟ್ ಮಾಡುವಾಗ ತೊಂದರೆಯಿಲ್ಲ, ಮೂರನೆಯವರು ಕೂತರೆ ಆಗಾಗ ತಡವರಿಕೆ, ನಾಲ್ಕನೆಯವರೂ ಸೇರಿದರೆ ಎಲ್ಲರ ಪರದೆಯಲ್ಲೂ ಚೆಂಡೆಯ ಪೆಟ್ಟು ತುಂಡು ತುಂಡು. ವಿಡಿಯೊ ಇರುವ ಸರ್ವರ್‌ನಿಂದ, ಎಲ್ಲ ಯಂತ್ರಗಳ ಕೇಬಲ್ ಬಂದು ಸೇರುವ ಸ್ವಿಚ್‌ಗೆ ಎರಡು ಗಿಗಾಬಿಟ್ ಕೇಬಲ್ ಎಳೆದು ಲಿಂಕ್ ಅಗ್ರಿಗೇಶನ್ (ಎರಡನ್ನೂ ಒಂದು ಗುಂಪಾಗಿ ದುಡಿಸುವ ವ್ಯವಸ್ಥೆ; ಸ್ವಿಚ್‌ನ ಮಾತಲ್ಲಿ ಲ್ಯಾಗ್, ಸರ್ವರ್‌ನ ಮಾತಲ್ಲಿ ಬಾಂಡ್) ಮೊದಲೇ ಮಾಡಿಸಿದ್ದರು. ಸ್ವಿಚ್‌ನ ಪುಟದಲ್ಲಿ ಲ್ಯಾಗ್ ಎದುರು ಹಸಿರು ಬಣ್ಣವೂ ಉಂಟು. ಮತ್ತೆ ಎಂತಕ್ಕೆ ಹೀಗೆ?

ಅರ್ಧ ಉತ್ತರ ಲೆಕ್ಕದಲ್ಲೇ ಸಿಗುತ್ತದೆ. ಒಂದು ಪ್ರಸಂಗಕ್ಕೆ ಮೂರು ಕ್ಯಾಮೆರಾ, ಪ್ರತಿಯೊಂದೂ ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊ. ಅಂದರೆ ಕ್ಯಾಮೆರಾಕ್ಕೆ 12.5 ಮೆಗಾಬೈಟ್; ಮೂರನ್ನೂ ಟೈಮ್‌ಲೈನ್‌ನಲ್ಲಿ ಒಟ್ಟಿಗೆ ಓಡಿಸುವ ಎಡಿಟರ್‌ಗೆ 37.5. ಗಿಗಾಬಿಟ್ ತಂತಿಯ ಬಾಯಿಲೆಕ್ಕ 125 ಮೆಗಾಬೈಟ್ ಆದರೂ ಹೆಡರ್‌ಗಳೆಲ್ಲ ಕಳೆದು 117ರ ಆಸುಪಾಸು ಉಳಿಯುತ್ತದೆ. ಸಾಂಬಾ ಎಂಬ ಫೈಲ್ ಹಂಚಿಕೆಯಲ್ಲಿ ಕೈಗೆ ಸಿಗುವುದು 110ರಿಂದ 113. ಇಬ್ಬರಿಗೆ 75, ಮೂವರಿಗೆ 112.5, ನಾಲ್ವರಿಗೆ 150. ದೂರು ಈ ಲೆಕ್ಕಕ್ಕೆ ಅಚ್ಚೊತ್ತಿದ ಹಾಗೆ ಕೂರುತ್ತದೆ. ತಂತಿ ಎರಡಿದ್ದರೂ ದುಡಿಯುತ್ತಿರುವುದು ಒಂದೇ.

ಡಿಸ್ಕ್ ಮೇಲಿನ ಅನುಮಾನವನ್ನು ಮೊದಲೇ ತೆಗೆದುಹಾಕುವುದು ಒಳ್ಳೆಯದು. ಎಂಟು ಹಾರ್ಡ್ ಡಿಸ್ಕ್‌ಗಳನ್ನು ಒಂದಾಗಿ ಸೇರಿಸಿದ ರೇಡ್ 6. ಸರ್ವರ್‌ನಲ್ಲೇ ಕೂತು, ರ್‍ಯಾಮ್‌ಗಿಂತ ದೊಡ್ಡದಾದ ಕಡತವೊಂದನ್ನು ಓದಿಸಿದಾಗ 400 ಮೆಗಾಬೈಟ್ ದಾಟಿತು. ಚಿಕ್ಕ ಕಡತದಲ್ಲಿ ಈ ಪರೀಕ್ಷೆ ಮಾಡಬಾರದು. ಎರಡನೇ ಸಲ ಓದುವಾಗ ಅದು ಡಿಸ್ಕ್‌ನಿಂದಲ್ಲ, ಕ್ಯಾಶ್‌ನಿಂದ ಬರುತ್ತದೆ.

ಇನ್ನು ಬಾಂಡ್. ಲಿನಕ್ಸ್ ಸರ್ವರ್ ಆದರೆ ಪ್ರಾಕ್ ಕೆಳಗೆ, ನೆಟ್ ಕೆಳಗೆ, ಬಾಂಡಿಂಗ್ ಫೋಲ್ಡರ್‌ನಲ್ಲಿ ಬಾಂಡ್0 ಎಂಬ ಕಡತ ಉಂಟು. ಸ್ವಿಚ್‌ನ ಹಸಿರು ಬಣ್ಣಕ್ಕಿಂತ ನನಗೆ ಇದರ ಮೇಲೆ ಹೆಚ್ಚು ನಂಬಿಕೆ. ಬಹುತೇಕ ಸ್ವಿಚ್‌ಗಳು ಗುಂಪಿನ ಒಂದು ಪೋರ್ಟ್ ಜೀವಂತ ಇದ್ದರೂ ಇಡೀ ಲ್ಯಾಗ್ ಅಪ್ ಎಂದೇ ತೋರಿಸುತ್ತವೆ. ಈ ಕಡತದಲ್ಲಿ ನೋಡಬೇಕಾದದ್ದು ಪ್ರತಿ ಪೋರ್ಟಿನ ಕೆಳಗಿರುವ ಅಗ್ರಿಗೇಟರ್ ಐಡಿ, ಅಂದರೆ ಆ ಪೋರ್ಟ್ ಯಾವ ಗುಂಪಿನಲ್ಲಿದೆ ಎಂಬ ಸಂಖ್ಯೆ. ಎರಡೂ ಪೋರ್ಟಿಗೆ ಒಂದೇ ಸಂಖ್ಯೆ ಇರಬೇಕು. ಇಲ್ಲಿ ಮೊದಲನೆಯದಕ್ಕೆ 1, ಎರಡನೆಯದಕ್ಕೆ 2. ಒಂದು ಹೊತ್ತಿಗೆ ಒಂದೇ ಅಗ್ರಿಗೇಟರ್ ಕೆಲಸ ಮಾಡುವುದರಿಂದ ಎರಡನೇ ತಂತಿ ದೀಪ ಮಿನುಗಿಸುತ್ತ ಸುಮ್ಮನೆ ಕೂತಿತ್ತು.

ಅದೇ ಕಡತದಲ್ಲಿ ಪೋರ್ಟ್ ಸ್ಟೇಟ್ ಎಂಬ ಸಂಖ್ಯೆಯೂ ಸಿಗುತ್ತದೆ. ಅದು ಬಿಟ್‌ಗಳ ಮೊತ್ತ: ಆಕ್ಟಿವ್‌ಗೆ 1, ಫಾಸ್ಟ್ ಟೈಮರ್‌ಗೆ 2, ಗುಂಪಿಗೆ ಸೇರಬಲ್ಲದು ಎಂಬುದಕ್ಕೆ 4, ಹೊಂದಾಣಿಕೆಗೆ 8, ತೆಗೆದುಕೊಳ್ಳುತ್ತಿದೆ ಎಂಬುದಕ್ಕೆ 16, ಕೊಡುತ್ತಿದೆ ಎಂಬುದಕ್ಕೆ 32. ಎಲ್ಲ ಸರಿಯಿದ್ದರೆ ಸ್ಲೋ ಟೈಮರ್‌ನಲ್ಲಿ 61, ಫಾಸ್ಟ್‌ನಲ್ಲಿ 63. ಅದರೊಳಗೆ 64 ಸೇರಿಕೊಂಡಿದ್ದರೆ ಆಚೆಯಿಂದ ಎಲ್‌ಎಸಿಪಿ (ಗುಂಪು ಕಟ್ಟಲು ಎರಡು ತುದಿಗಳು ಕಳಿಸಿಕೊಳ್ಳುವ ಸಂದೇಶ) ಮಾತೇ ಬರುತ್ತಿಲ್ಲ ಎಂದರ್ಥ. ಆಗ ಪಾರ್ಟ್‌ನರ್ ಮ್ಯಾಕ್ (ಆಚೆ ಬದಿಯ ಹಾರ್ಡ್‌ವೇರ್ ವಿಳಾಸ) ಎಂಬಲ್ಲಿ ಬರೀ ಸೊನ್ನೆಗಳು ಇರುತ್ತವೆ. ಇಲ್ಲಿ ಸೊನ್ನೆ ಇರಲಿಲ್ಲ. ಸ್ವಿಚ್ ಎರಡೂ ತಂತಿಯಲ್ಲಿ ಮಾತಾಡುತ್ತಿತ್ತು. ಹಾಗಿದ್ದೂ ಒಂದೇ ಗುಂಪಿಗೆ ಸೇರಲಿಲ್ಲ ಎಂದರೆ ಮುಖ್ಯ ಅನುಮಾನ ವೇಗದ ಮೇಲೆ. ವೇಗ, ಡ್ಯೂಪ್ಲೆಕ್ಸ್ ಎರಡೂ ಸಮನಾಗಿಲ್ಲದ ಪೋರ್ಟುಗಳನ್ನು 802.3ಎಡಿ ಎಂಬ ಬಾಂಡ್ ಮಾನದಂಡ ಒಂದೇ ಗುಂಪಿಗೆ ಸೇರಿಸುವುದಿಲ್ಲ. ಪೋರ್ಟಿನ ವೇಗ ತೋರಿಸುವ ಎತ್‌ಟೂಲ್ ಆದೇಶ ಹಾಕಿದರೆ ಎರಡನೇ ಪೋರ್ಟ್ 100 ಮೆಗಾಬಿಟ್.

ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. 568ಬಿ ಕ್ರಮದಲ್ಲಿ ಕಿತ್ತಳೆ ಜೋಡಿ ಪಿನ್ 1, 2ಕ್ಕೆ. ಹಸಿರು 3, 6ಕ್ಕೆ. ಇವೆರಡೂ ಗಟ್ಟಿಯಿದ್ದು ನೀಲಿಯೋ ಕಂದೋ ಕೈಕೊಟ್ಟರೆ ಕಾರ್ಡಿನ ಚಿಪ್ ಗಿಗಾಬಿಟ್‌ಗೆ ಪ್ರಯತ್ನಿಸಿ, ಸೋತು, ತಾನಾಗಿ 100ಕ್ಕೆ ಇಳಿಯುತ್ತದೆ. ಲಿಂಕ್ ದೀಪ ಉರಿಯುತ್ತದೆ, ಪಿಂಗ್ ಹೋಗುತ್ತದೆ. ಗೋಡೆಯ ಜ್ಯಾಕ್ ಬಿಚ್ಚಿದಾಗ ಕಂದು ಜೋಡಿ ಕೂತಿದ್ದ ಪಿನ್ 7, 8ರ ಸೀಳಿನಲ್ಲಿ ಹಸಿರು ಕಿಲುಬು ಪುಡಿಯಾಗಿ ನಿಂತಿತ್ತು. ಉಗುರಿನಿಂದ ಮುಟ್ಟಿದರೆ ತಂತಿಯೇ ಕಳಚಿ ಬಂತು. ಸಮುದ್ರದ ಉಪ್ಪುಗಾಳಿ ಒಂದು ಕಾರಣ. ರಾತ್ರಿ ಎಸಿ ಆರಿಸಿ ಕಿಟಕಿ ತೆರೆದಾಗ ತಣ್ಣಗಿರುವ ಲೋಹದ ಮೇಲೆ ಆಷಾಢದ ತೇವ ನೀರಾಗಿ ಕೂರುವುದು ಇನ್ನೊಂದು. ಕರಾವಳಿಯಲ್ಲಿ ಸರ್ವರ್ ಇರುವ ಕೋಣೆಯ ಎಸಿಯನ್ನು ರಾತ್ರಿ ಆರಿಸಲೇಬೇಕಿದ್ದರೆ ಕಿಟಕಿ ಬಾಗಿಲನ್ನಾದರೂ ಮುಚ್ಚಿಡಬೇಕು.

ಜ್ಯಾಕ್‌ನಿಂದ ನಾಲ್ಕು ಇಂಚು ಹಿಂದಕ್ಕೆ ಕತ್ತರಿಸಿ, ಹೊಳೆಯುವ ತಾಮ್ರ ಕಾಣುವಲ್ಲಿಂದ ಹೊಸ ಜ್ಯಾಕ್‌ಗೆ ಪಂಚ್ ಮಾಡಿದ್ದಾಯಿತು. ಜೋಡಿಯ ಹುರಿಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. ರ್‍ಯಾಕ್ ಬದಿಯ ಕೈಯಿಂದ ಕ್ರಿಂಪ್ ಮಾಡಿದ ತುಂಡುಗಳನ್ನು ತೆಗೆದು ಕಾರ್ಖಾನೆಯ ಪ್ಯಾಚ್ ಕಾರ್ಡ್ ಹಾಕಿದೆವು. ಹಳೇ ತುಂಡೊಂದರ ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ: ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಕ್ಯಾಟ್ 6 ಎಂದು ಹೊರಗೆ ಅಚ್ಚು ಹಾಕಿದ ಮಾತ್ರಕ್ಕೆ ಅದು ಕ್ಯಾಟ್ 6 ಅಲ್ಲ. ಕೆಲವರು ಇಂಥಲ್ಲಿ ಆಟೊ ನೆಗೋಷಿಯೇಶನ್ (ಎರಡು ತುದಿಗಳೂ ಮಾತಾಡಿಕೊಂಡು ವೇಗ ತೀರ್ಮಾನಿಸುವುದು) ತೆಗೆದು ಪೋರ್ಟನ್ನು 1000ಕ್ಕೆ ಫೋರ್ಸ್ ಮಾಡಲು ಹೊರಡುತ್ತಾರೆ. ತಾಮ್ರದ ಗಿಗಾಬಿಟ್‌ಗೆ ಆಟೊ ನೆಗೋಷಿಯೇಶನ್ ಕಡ್ಡಾಯ. ಅದನ್ನು ತೆಗೆದರೆ ಇದ್ದ ಲಿಂಕೂ ಹೋಗುತ್ತದೆ.

ಈಗ ಎರಡೂ ಪೋರ್ಟ್ ಒಂದೇ ಅಗ್ರಿಗೇಟರ್, ಸ್ಟೇಟ್ 61. ನಾಲ್ವರೂ ಕೂತರು. ಮತ್ತೆ ಅದೇ 112.

ಇಲ್ಲಿಂದ ಮುಂದಿನದ್ದೇ ನಿಜವಾದ ವಿಷಯ. ಬಾಂಡ್ ಎಂದರೆ ಎರಡು ತಂತಿ ಹೊಸೆದು ಮಾಡಿದ ಒಂದು ದಪ್ಪ ತಂತಿ ಅಲ್ಲ. ಪ್ಯಾಕೆಟ್‌ಗಳು ಹಿಂದುಮುಂದಾಗಬಾರದು ಎಂಬ ಕಾರಣಕ್ಕೆ ಒಂದು ಸಂಪರ್ಕದ ಎಲ್ಲ ಪ್ಯಾಕೆಟ್‌ಗಳೂ ಒಂದೇ ತಂತಿಯಲ್ಲಿ ಹೋಗುತ್ತವೆ. ಯಾವ ತಂತಿ ಎಂದು ತೀರ್ಮಾನಿಸುವುದು ಕಳಿಸುವವನ ಹ್ಯಾಶ್, ಅಂದರೆ ವಿಳಾಸಗಳಿಂದ ತಂತಿ ಆಯುವ ಒಂದು ಲೆಕ್ಕ. ಲಿನಕ್ಸ್ ಬಾಂಡಿಂಗ್‌ನಲ್ಲಿ ನಾವು ಏನೂ ಹೇಳದಿದ್ದರೆ ಅದು ಲೇಯರ್ 2: ಕಳಿಸುವ ಮ್ಯಾಕ್‌ನ ಕೊನೆಯ ಬೈಟ್, ಸೇರುವ ಮ್ಯಾಕ್‌ನ ಕೊನೆಯ ಬೈಟ್, ಪ್ಯಾಕೆಟ್‌ನ ಬಗೆ, ಇಷ್ಟನ್ನು ಎಕ್ಸ್‌ಓಆರ್ ಮಾಡಿ (ಬಿಟ್‌ಗೆ ಬಿಟ್ ಹೋಲಿಸಿ, ಒಂದೇ ಆದರೆ 0, ಬೇರೆಯಾದರೆ 1) ತಂತಿಗಳ ಸಂಖ್ಯೆಯಿಂದ ಭಾಗಿಸಿದ ಶೇಷ. ತಂತಿ ಎರಡೇ ಆದರೆ ಲೆಕ್ಕಕ್ಕೆ ಬರುವುದು ಕೊನೆಯ ಬಿಟ್ ಮಾತ್ರ. ಸರ್ವರ್‌ನ ಮ್ಯಾಕ್ ಎಲ್ಲರಿಗೂ ಒಂದೇ, ಪ್ಯಾಕೆಟ್ ಬಗೆಯೂ ಒಂದೇ. ಉಳಿಯುವುದು ಎಡಿಟಿಂಗ್ ಯಂತ್ರದ ಮ್ಯಾಕ್ ಸಮವೋ ಬೆಸವೋ ಎಂಬ ಒಂದೇ ಪ್ರಶ್ನೆ. ಆ ನಾಲ್ಕು ಯಂತ್ರಗಳ ಮ್ಯಾಕ್ ಮುಗಿಯುತ್ತಿದ್ದುದು 2ಇ, ಎ4, 18, 6ಸಿ ಎಂದು. ಹದಿನಾರರ ಲೆಕ್ಕದಲ್ಲಿ ಇ, 4, 8, ಸಿ ನಾಲ್ಕೂ ಸಮ. ನಾಲ್ವರೂ ಒಂದೇ ತಂತಿಗೆ.

ಇದೇನು ಭಾರೀ ಕಾಕತಾಳೀಯವಲ್ಲ. ನಾಲ್ಕು ಯಂತ್ರ ಹೀಗೆ ಒಂದೇ ಕಡೆ ಬೀಳುವ ಸಂಭವ ಎಂಟಕ್ಕೆ ಒಂದು. ಯಂತ್ರಗಳು ಬೇರೆ ಸಬ್‌ನೆಟ್‌ನಲ್ಲಿದ್ದು ನಡುವೆ ರೌಟರ್ ಇದ್ದರಂತೂ ಸರ್ವರ್‌ಗೆ ಕಾಣುವುದು ರೌಟರ್‌ನ ಒಂದೇ ಮ್ಯಾಕ್. ಆಗ ಲೇಯರ್ 2 ಹ್ಯಾಶ್‌ನಲ್ಲಿ ಎರಡನೇ ತಂತಿ ಯಾವತ್ತೂ ತುಂಬುವುದಿಲ್ಲ.

ಎಲ್ಲರೂ ಕೊಡುವ ಸಲಹೆ ಲೇಯರ್ 3+4ಕ್ಕೆ ಬದಲಿಸಿ ಎಂದು. ಅದು ಐಪಿಯ ಜತೆ ಟಿಸಿಪಿ ಪೋರ್ಟನ್ನೂ (ಕೇಬಲ್ ಸಿಕ್ಕಿಸುವ ಪೋರ್ಟ್ ಅಲ್ಲ, ಸಂಪರ್ಕದ ಸಂಖ್ಯೆ) ಹ್ಯಾಶ್‌ಗೆ ಸೇರಿಸುತ್ತದೆ. ನೂರು ಜನ ಬಳಸುವ ಸರ್ವರ್‌ಗೆ ಸರಿ. ನಾಲ್ಕೇ ಜನ ಇರುವಲ್ಲಿ ನನಗೆ ಅದು ಒಪ್ಪಿಗೆಯಿಲ್ಲ. ಪ್ರತಿ ಯಂತ್ರಕ್ಕೆ ಒಂದೇ ಸಂಪರ್ಕ ಇರುವಾಗ ಲೇಯರ್ 3+4 ಎಂದರೆ ದಿನಾ ಬೆಳಿಗ್ಗೆ ಕವಡೆ ಹಾಕಿದ ಹಾಗೆ: ಯಂತ್ರ ಮರುಸಂಪರ್ಕಗೊಂಡಾಗಲೆಲ್ಲ ಹೊಸ ಪೋರ್ಟ್, ಹೊಸ ಹಂಚಿಕೆ. ನಾಲ್ಕು ಸಂಪರ್ಕ ಎರಡು ತಂತಿಗೆ ಬೀಳುವ ಹದಿನಾರು ಬಗೆಗಳಲ್ಲಿ ಸರಿಯಾಗಿ 2–2 ಆಗುವುದು ಆರು. 3–1 ಆಗುವುದು ಎಂಟು, ಅಂದರೆ ಅರ್ಧ. ಮೂವರು ಒಂದೇ ತಂತಿಯಲ್ಲಿದ್ದರೆ ಮತ್ತೆ 112.5, ಅದೇ ತಡವರಿಕೆ. ಅದೂ ಒಂದು ದಿನ ಇದ್ದು ಮರುದಿನ ಇಲ್ಲದ ತಡವರಿಕೆ. ಇದಕ್ಕಿಂತ ಪೀಡೆಯ ದೂರು ಬೇರೆ ಇಲ್ಲ.

ಹಾಗಾಗಿ ಇಲ್ಲಿ ಇಟ್ಟದ್ದು ಲೇಯರ್ 2+3. ಇದರಲ್ಲಿ ಮ್ಯಾಕ್ ಮತ್ತು ಐಪಿ ಮಾತ್ರ ಸೇರುತ್ತವೆ, ಟಿಸಿಪಿ ಪೋರ್ಟ್ ಇಲ್ಲ. ಎರಡೂ ಸ್ಥಿರವಾದ್ದರಿಂದ ಹಂಚಿಕೆ ನಮ್ಮ ಕೈಯಲ್ಲೇ ಇರುತ್ತದೆ. ಎಲ್ಲ ಯಂತ್ರಗಳೂ ಒಂದೇ /24 ಸಬ್‌ನೆಟ್‌ನಲ್ಲಿದ್ದರೆ (ಐಪಿಯ ಮೊದಲ ಮೂರು ಸಂಖ್ಯೆ ಎಲ್ಲರಿಗೂ ಒಂದೇ ಆಗಿದ್ದರೆ) ಸೂತ್ರ ಸರಳ: ಮ್ಯಾಕ್‌ನ ಕೊನೆಯ ಅಂಕಿ ಮತ್ತು ಐಪಿಯ ಕೊನೆಯ ಸಂಖ್ಯೆ ಕೂಡಿಸಿ, ಮೊತ್ತ ಸಮ ಬಂದವರು ಒಂದು ತಂತಿಗೆ, ಬೆಸ ಬಂದವರು ಇನ್ನೊಂದಕ್ಕೆ. ಇಲ್ಲಿ ಮ್ಯಾಕ್ ಎಲ್ಲವೂ ಸಮ, ಐಪಿ 21ರಿಂದ 24. ಎರಡು ಬೆಸ, ಎರಡು ಸಮ. ರೌಟರ್‌ನ ಡಿಎಚ್‌ಸಿಪಿಯಲ್ಲಿ (ಐಪಿ ಹಂಚುವ ಸೇವೆ) ಈ ವಿಳಾಸಗಳನ್ನು ಕಾಯ್ದಿರಿಸಿ, ಸರ್ವರ್‌ನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಕಡತದಲ್ಲಿ ಟ್ರಾನ್ಸ್‌ಮಿಟ್ ಹ್ಯಾಶ್ ಪಾಲಿಸಿಯ ಒಂದು ಸಾಲು ಬದಲಿಸಿದರೆ ಮುಗಿಯಿತು. ಬದಲಾಯಿತೇ ಎಂದು ಬಾಂಡ್0 ಕಡತದಲ್ಲೇ ಕಾಣುತ್ತದೆ: ಲೇಯರ್ 2+3ರ ಪಕ್ಕ 2 ಎಂದಿರುತ್ತದೆ, ಬರೀ ಲೇಯರ್ 2ರ ಪಕ್ಕ 0.

ಎರಡು ಎಚ್ಚರಿಕೆ. ವಿಂಡೋಸ್ ಯಂತ್ರ ಸರ್ವರ್‌ನ ಹೆಸರು ಹಿಡಿದು ಹೋದರೆ ಕೆಲವೊಮ್ಮೆ ಐಪಿವಿ6 ಮೂಲಕ ಸೇರಿಕೊಳ್ಳುತ್ತದೆ, ಆಗ ನಮ್ಮ ಸಮ–ಬೆಸ ಲೆಕ್ಕ ತಪ್ಪುತ್ತದೆ. ಡ್ರೈವ್ ಮ್ಯಾಪ್ ಮಾಡುವಾಗ ಹೆಸರಿನ ಬದಲು ಐಪಿವಿ4 ವಿಳಾಸವನ್ನೇ ಕೊಡಬೇಕು. ಎರಡನೆಯದು ಸಾಂಬಾ ಬಳಸುವ ಫೈಲ್ ಹಂಚಿಕೆ ವಿಧಾನವಾದ ಎಸ್‌ಎಂಬಿಯ ಮಲ್ಟಿಚಾನೆಲ್. ಸಾಂಬಾ 4.15ರಿಂದ ಅದು ತಾನಾಗಿಯೇ ಆನ್ ಇರುತ್ತದೆ, ಒಂದೇ ಯಂತ್ರ ಹಲವು ಸಂಪರ್ಕ ತೆರೆಯಬಹುದು. ಸರ್ವರ್‌ನಲ್ಲಿ ಎಸ್‌ಎಸ್ ಆದೇಶ ಕೊಟ್ಟು 445ನೇ ಪೋರ್ಟಿಗೆ ಬಂದ ಸಂಪರ್ಕಗಳನ್ನು ಎಣಿಸಿ ನೋಡಿ. ಯಂತ್ರಕ್ಕೆ ಒಂದೊಂದೇ ಇದ್ದರೆ ಲೇಯರ್ 2+3. ನಾಲ್ಕು ನಾಲ್ಕು ಇದ್ದರೆ 3+4 ಚೆನ್ನಾಗಿಯೇ ಹರಡುತ್ತದೆ, ಅದನ್ನೇ ಇಡಿ.

ಇಷ್ಟೂ ಸರ್ವರ್‌ನಿಂದ ಹೊರಗೆ ಹೋಗುವ ದಾರಿ. ಕ್ಯಾಮೆರಾ ಕಾರ್ಡಿನಿಂದ ಸರ್ವರ್‌ಗೆ ತುಂಬಿಸುವಾಗ ತಂತಿ ಆಯುವವನು ಸ್ವಿಚ್. ಸರ್ವರ್‌ನಲ್ಲಿ ಏನು ಬದಲಿಸಿದರೂ ಅವನಿಗೆ ಸಂಬಂಧವಿಲ್ಲ. ಸ್ವಿಚ್‌ನ ಲ್ಯಾಗ್ ಪುಟದಲ್ಲಿ ಮ್ಯಾಕ್ ಎಂದಿದ್ದುದನ್ನು ಮ್ಯಾಕ್ ಮತ್ತು ಐಪಿ ಎಂದು ಬದಲಿಸಬಹುದು, ಆದರೆ ಚಿಪ್‌ನೊಳಗಿನ ಸೂತ್ರ ಯಾರೂ ಬರೆದುಕೊಡುವುದಿಲ್ಲ. ಮಾಡಿ ನೋಡಿಯೇ ತಿಳಿಯಬೇಕು: ಎರಡು ಯಂತ್ರದಿಂದ ಒಟ್ಟಿಗೆ ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಓಡಿಸಿ, ಸರ್ವರ್‌ನಲ್ಲಿ ಪ್ರತಿ ಪೋರ್ಟಿನ ಲೆಕ್ಕ ಬೇರೆ ಬೇರೆ ನೋಡುವುದು, ಒಂದೇ ಕಡೆ ಏರುತ್ತಿದ್ದರೆ ಒಂದು ಯಂತ್ರದ ಐಪಿ ಬದಲಿಸಿ ಮತ್ತೆ ನೋಡುವುದು. ಬದಲಿಸುವಾಗ ಒಂದರ ಬದಲು ಎರಡು ಕೂಡಿಸಿದರೆ ಸರ್ವರ್ ಬದಿಯ ಸಮ–ಬೆಸ ಕೆಡುವುದಿಲ್ಲ. ಒಂದು ಐಪರ್ಫ್3 ಒಂದು ಹೊತ್ತಿಗೆ ಒಬ್ಬರಿಗೇ ಉತ್ತರಿಸುವುದರಿಂದ 5201, 5202 ಎಂದು ಎರಡು ಪೋರ್ಟಿನಲ್ಲಿ ಎರಡನ್ನು ಎಬ್ಬಿಸಿಡಬೇಕು. ಹೊರಗೆ ಹೋಗುವ ದಾರಿ ಅಳೆಯಲು ಕ್ಲೈಂಟ್‌ನಲ್ಲಿ ರಿವರ್ಸ್ ಆಯ್ಕೆ ಕೊಡಬೇಕು. ಒಂದೇ ಯಂತ್ರದಿಂದ ಅಳೆದು ‘ಬಾಂಡ್ ವೇಗ ಕೊಡಲಿಲ್ಲ’ ಎನ್ನುವುದರಲ್ಲಿ ಅರ್ಥವಿಲ್ಲ. ಆ ಯಂತ್ರಕ್ಕೇ ಇರುವುದು ಒಂದು ಗಿಗಾಬಿಟ್.

ಹೊರಡುವ ಮೊದಲು ಇನ್ನು ಕೆಲವು ಸಣ್ಣ ಕೆಲಸ. ಎಲ್‌ಎಸಿಪಿ ರೇಟನ್ನು ಫಾಸ್ಟ್ ಮಾಡಿದೆವು. ಸ್ಲೋ ಆದರೆ 30 ಸೆಕೆಂಡಿಗೊಂದು ಸಂದೇಶ, 90 ಸೆಕೆಂಡ್ ಮೌನವಾದ ಮೇಲಷ್ಟೇ ತಂತಿ ಸತ್ತಿದೆ ಎಂಬ ತೀರ್ಮಾನ. ಫಾಸ್ಟ್‌ನಲ್ಲಿ 1 ಮತ್ತು 3. ದೀಪ ಉರಿಯುತ್ತಲೇ ದಾರಿ ನಿಂತುಹೋದಾಗ ಈ ವ್ಯತ್ಯಾಸ ತಿಳಿಯುತ್ತದೆ. ಸರ್ವರ್ ಮತ್ತು ಸ್ವಿಚ್ ನಡುವೆ ಐದು ಪೋರ್ಟಿನ ಸಣ್ಣ ಸ್ವಿಚ್ ಸಿಕ್ಕಿಸುವ ಚಾಳಿ ಕೆಲವೆಡೆ ಉಂಟು. ಎಲ್‌ಎಸಿಪಿ ಸಂದೇಶ ಹೋಗುವ 01:80:ಸಿ2:00:00:02 ವಿಳಾಸವನ್ನು ಸ್ವಿಚ್‌ಗಳು ಮುಂದಕ್ಕೆ ದಾಟಿಸಬಾರದು ಎಂಬುದು ನಿಯಮ, ಹಾಗಾಗಿ ಮಾತು ಅಲ್ಲಿಗೇ ಕಡಿಯುತ್ತದೆ. ಜಂಬೊ ಫ್ರೇಮ್ (ಮಾಮೂಲಿಗಿಂತ ದೊಡ್ಡ ಪ್ಯಾಕೆಟ್) ಗೊಡವೆಗೆ ಹೋಗಲಿಲ್ಲ. ಗಿಗಾಬಿಟ್‌ನಲ್ಲಿ ಅದರಿಂದ ಸಿಗುವುದು ನಾಲ್ಕೈದು ಶೇಕಡ, ಒಂದು ಯಂತ್ರದಲ್ಲಿ ಮರೆತರೆ ಆಗುವ ಗೋಳು ಅದಕ್ಕಿಂತ ಎಷ್ಟೋ ಹೆಚ್ಚು.

ಸ್ವಿಚ್‌ನಲ್ಲಿ ಸೇವ್ ಒತ್ತುವುದು ಬಹಳ ಮುಖ್ಯ. ಅಪ್ಲೈ ಎಂದರೆ ಚಾಲ್ತಿಯಲ್ಲಿರುವ ಸೆಟ್ಟಿಂಗ್ ಮಾತ್ರ; ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಲ್ಯಾಗ್ ಮಾಯ. ಸರ್ವರ್ ಆಗ ಸದ್ದಿಲ್ಲದೆ ಒಂದೇ ತಂತಿಯಲ್ಲಿ ಮುಂದುವರಿಯುತ್ತದೆ, ಮೂರನೆಯವರು ಬಂದು ಕೂರುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಸೇವ್ ಒತ್ತಿದ ಮೇಲೆ ಸ್ವಿಚ್‌ನ ಪ್ಲಗ್ಗನ್ನು ಒಮ್ಮೆ ಕಿತ್ತು ಹಾಕಿ, ಅಗ್ರಿಗೇಟರ್ ಐಡಿ ಮತ್ತೆ ಒಂದೇ ಬಂತೇ ಎಂದು ನೋಡಿದೆವು.

ನಾಲ್ವರೂ ಕೂತು ಮೂರು ಕ್ಯಾಮೆರಾ ಓಡಿಸಿದಾಗ ಪ್ರತಿ ಪೋರ್ಟಿನಲ್ಲಿ 75ರ ಆಸುಪಾಸು ನಿಂತಿತು. ಐದನೆಯವರನ್ನು ಸೇರಿಸಿಕೊಳ್ಳಬಹುದೇ ಎಂದು ಕೇಳಿದರು. ಐದು ಜನ ಎಂದರೆ ಎಷ್ಟು ಚೆನ್ನಾಗಿ ಹಂಚಿದರೂ 3–2, ಮೂವರಿರುವ ತಂತಿ ಮತ್ತೆ 112.5. ಮೂರನೇ ಕೇಬಲ್ ಎಳೆಯುವುದಕ್ಕಿಂತ ಸರ್ವರ್‌ಗೆ 10 ಗಿಗಾಬಿಟ್‌ನ ಎಸ್‌ಎಫ್‌ಪಿ ಪ್ಲಸ್ ಕಾರ್ಡ್, ಅಂಥ ಪೋರ್ಟ್ ಇರುವ ಸ್ವಿಚ್, ನಡುವೆ ಎರಡು ತುದಿಯಲ್ಲೂ ಪ್ಲಗ್ ಸೇರಿಯೇ ಬರುವ ಒಂದು ಮೀಟರ್ ಡಿಎಸಿ ಕೇಬಲ್ ಹಾಕಿಸಿ ಎಂದೆ. ಎಡಿಟಿಂಗ್ ಯಂತ್ರಗಳ ಗಿಗಾಬಿಟ್ ಪೋರ್ಟು, ಗೋಡೆಯೊಳಗಿನ ಕೇಬಲ್ ಎಲ್ಲ ಇದ್ದ ಹಾಗೇ ಇರಬಹುದು. ಆಗ ಬಾಂಡೂ ಬೇಡ, ಸಮ–ಬೆಸದ ಲೆಕ್ಕವೂ ಬೇಡ.