ಥ್ರಸ್ಟರ್ ದೊಡ್ಡದಾದರೆ ಸಾಲದು, ಕರೆಂಟು ಮೂತಿಯವರೆಗೆ ಹೋಗಬೇಕು

ದುಬೈನಲ್ಲಿ ಬೋಟ್ ಎಲೆಕ್ಟ್ರಿಷಿಯನ್ ಕೆಲಸ ನನ್ನದು. ಮೀನು ಹಿಡಿಯುವ ಬೋಟಲ್ಲ, ಶನಿವಾರ ಭಾನುವಾರ ಮನೆಮಂದಿಯನ್ನು ಕೂರಿಸಿಕೊಂಡು ಸುತ್ತುವ ಶೋಕಿ ಬೋಟುಗಳು. ಥ್ರಸ್ಟರ್ ಹಾಕಿಸಲು ಬರುವವರು ಹೆಚ್ಚಾಗಿ ಕೇಳುವುದು ಒಂದೇ: "ನನ್ನದು 40 ಅಡಿ, ಎಷ್ಟು ಕೆಜಿದು ಹಾಕಬೇಕು?" ಕೆಜಿ ಅಂದರೆ ಇಲ್ಲಿ ತೂಕವಲ್ಲ, ಅದು ತಳ್ಳುವ ಬಲ. ಬರೀ ಅಡಿ ಹೇಳಿದರೆ ಇದಕ್ಕೆ ಉತ್ತರ ಇಲ್ಲ. ಆದರೂ ಅಂಗಡಿಯಲ್ಲಿ ಅಡಿ ನೋಡಿಯೇ ಕೊಟ್ಟು ಕಳಿಸುವವರಿದ್ದಾರೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಬೋಟಿನ ಮೂತಿಯ ಹತ್ತಿರ, ನೀರಿನ ಮಟ್ಟದಿಂದ ಕೆಳಗೆ, ಈ ಬದಿಯಿಂದ ಆ ಬದಿಗೆ ತೂತು ಕೊರೆದು ಒಂದು ಫೈಬರ್ ಕೊಳವೆ ಕೂರಿಸುತ್ತಾರೆ. ಒಳಗೆ ಸಣ್ಣ ಪ್ರೊಪೆಲ್ಲರ್, ಮೇಲೆ ಮೋಟರ್. ಬಟನ್ ಒತ್ತಿದರೆ ಮೂತಿ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಇದು ಬೋ ಥ್ರಸ್ಟರ್. ಹಿಂಬದಿಗೆ ಹಾಕಿದರೆ ಸ್ಟರ್ನ್ ಥ್ರಸ್ಟರ್. ಜೆಟ್ಟಿಗೆ ಹತ್ತಿಸುವಾಗ, ಬಿಡಿಸುವಾಗ ಮಾತ್ರ ಇದರ ಉಪಯೋಗ. ಬೋಟು ಎರಡು ಮೂರು ನಾಟ್, ಅಂದರೆ ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗ ಹಿಡಿದರೆ ಇದರ ಆಟ ಅಷ್ಟಾಗಿ ನಡೆಯುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಗಾಳಿ ತಳ್ಳುವುದು ಬೋಟಿನ ಪಕ್ಕದ ಗೋಡೆಯನ್ನು. 40 ಅಡಿ ಅಂದರೆ ಸುಮಾರು 12 ಮೀಟರ್. ನೀರಿನಿಂದ ಮೇಲೆ ಸರಾಸರಿ 2 ಮೀಟರ್ ಎತ್ತರ ಅಂತಿಟ್ಟುಕೊಳ್ಳಿ, 24 ಚದರ ಮೀಟರ್ ಆಯಿತು. ಅಂಚು, ಓರೆ ಎಲ್ಲ ಕಳೆದು ಮುಕ್ಕಾಲು ಪಾಲು ಹಿಡಿದರೆ 18. ಸೆಕೆಂಡಿಗೆ 10 ಮೀಟರ್ ಗಾಳಿ, ಅಂದರೆ ಸುಮಾರು 20 ನಾಟ್, ಒಂದು ಚದರ ಮೀಟರಿಗೆ 6 ಕೆಜಿಯಷ್ಟು ಒತ್ತುತ್ತದೆ. ಒಟ್ಟು ಸುಮಾರು 110 ಕೆಜಿ. ಇದನ್ನೆಲ್ಲ ಥ್ರಸ್ಟರ್ ಒಂದೇ ಹೊರಬೇಕಾಗಿಲ್ಲ. ಗಾಳಿಯ ಒತ್ತಡ ಬೋಟಿನ ನಡುವೆ ಬೀಳುತ್ತದೆ, ಥ್ರಸ್ಟರ್ ಇರುವುದು ತುದಿಯಲ್ಲಿ. ಹಿಂಬದಿಯನ್ನು ಹಗ್ಗವೋ ಎಂಜಿನ್ನೋ ಹಿಡಿದಿರುತ್ತದೆ. ಹಿಂಬದಿಯಿಂದ 11 ಮೀಟರ್ ದೂರದಲ್ಲಿ ಥ್ರಸ್ಟರ್ ಇದ್ದರೆ 110ನ್ನು 6ರಿಂದ ಗುಣಿಸಿ 11ರಿಂದ ಭಾಗಿಸಿ, 60 ಕೆಜಿ. ಅದು ಮೂತಿಯನ್ನು ಸುಮ್ನೆ ಇದ್ದಲ್ಲೇ ನಿಲ್ಲಿಸಲು. ಗಾಳಿಗೆದುರಾಗಿ ಸರಿಸಬೇಕಾದರೆ ಜಾಸ್ತಿ ಬೇಕು, ಹಾಗಾಗಿ ನಾನು 80ರ ಹತ್ತಿರದ್ದು ನೋಡುತ್ತೇನೆ.

ಅದೇ 40 ಅಡಿಯ, ಮೇಲೇನೂ ಇಲ್ಲದ ತಗ್ಗು ಬೋಟು ತಗೊಳ್ಳಿ. ಸರಾಸರಿ ಎತ್ತರ 1.2 ಮೀಟರ್ ಆದರೆ 36 ಕೆಜಿ ಸಾಕು. ಮೇಲೊಂದು ಮಾಳಿಗೆ ಕಟ್ಟಿ, ಅದಕ್ಕೆ ಸುತ್ತ ಪ್ಲಾಸ್ಟಿಕ್ ಪರದೆ ಬಿಗಿದ ಬೋಟಿನ ಸರಾಸರಿ ಎತ್ತರ 2.8 ಮೀಟರ್ ಆದರೆ 84. ಉದ್ದ ಒಂದೇ, ಬೇಕಾದ ಬಲ ಎರಡು ಪಟ್ಟಿಗೂ ಮೇಲೆ! ಇನ್ನೊಂದು ವಿಷಯ, ಗಾಳಿ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಇಲ್ಲಿ ವಾಯವ್ಯದಿಂದ ಶಮಾಲ್ ಬೀಸುವ ದಿನ ಇದು ಚೆನ್ನಾಗಿ ಗೊತ್ತಾಗುತ್ತದೆ.

ಇಷ್ಟು ಲೆಕ್ಕ ಮಾಡಿ ಸರಿಯಾದದ್ದನ್ನೇ ತಂದರೂ ಕೆಲಸ ಕೆಡುವ ಜಾಗ ಬೇರೆಯೇ ಇದೆ.

ಒಂದು ಬೋಟು ಬಂತು. ಬೇರೆ ಯಾರೋ ಥ್ರಸ್ಟರ್ ಕೂರಿಸಿದ್ದರು. ನಮ್ಮ ಕುಂದಾಪುರದ ಹುಡುಗ ಬಂದು, "ಅಣ್ಣ, ಓನರ್‌ಗೆ ಇದು ಸಾಲದಂತೆ, ಇನ್ನೂ ದೊಡ್ಡದು ಹಾಕಿ ಅಂತಿದ್ದಾರೆ" ಅಂದ. ಮೊದಲು ಮೀಟರ್ ತಗೋ ಅಂದೆ. ಬ್ಯಾಟರಿ ಹತ್ತಿರ 12.6 ವೋಲ್ಟ್. ಮೂತಿಯಲ್ಲಿ ಮೋಟರಿನ ಟರ್ಮಿನಲ್ಲಿಗೂ 12.6. "ಎಲ್ಲ ಸರಿ ಇದೆಯಲ್ಲ ಅಣ್ಣ" ಅಂದ. ಸುಮ್ಮನೆ ಇದ್ದಾಗ ಎಲ್ಲವೂ ಸರಿಯೇ ಇರುತ್ತದೆ. ಹಗ್ಗ ಬಿಗಿದಿರುವುದನ್ನು ನೋಡಿಕೊಂಡು, ನಾನು ಮೋಟರಿನ ಬಳಿ ಮೀಟರಿನ ಪ್ರೋಬ್ ಹಿಡಿದು ಕೂತೆ, ಅವನು ಮೇಲಿಂದ ಬಟನ್ ಒತ್ತಿದ. ಮೋಟರ್ ಗುರ್ ಅಂದಿತು, ಮೀಟರ್ ಸರ್ರನೆ 9ಕ್ಕೆ ಇಳಿಯಿತು. ಬ್ಯಾಟರಿ ಬಳಿ ಹೋಗಿ ಮತ್ತೆ ಒತ್ತಿಸಿದೆ, ಅಲ್ಲಿ 11ರ ಮೇಲೇ ನಿಂತಿತ್ತು.

ನಡುವಿನ ಎರಡು ವೋಲ್ಟ್ ಎಲ್ಲಿ ಹೋಯಿತು? ಕೇಬಲ್ಲಿನಲ್ಲಿ. ಬ್ಯಾಟರಿ ಹಿಂದೆ ಎಂಜಿನ್ ರೂಮಿನಲ್ಲಿ, ಮೋಟರ್ ಮುಂದೆ. ಹೋಗಲು 10 ಮೀಟರ್, ಬರಲು 10. ಇಂಥ ಮೋಟರ್ 12 ವೋಲ್ಟಿನಲ್ಲಿ 400 ಆಂಪಿಯರ್ ಎಳೆಯುತ್ತದೆ. ಅಲ್ಲಿದ್ದದ್ದು 70 ಚದರ ಮಿಲಿಮೀಟರ್ ತಾಮ್ರ. ಮೀಟರಿಗೆ ಕಾಲು ಮಿಲಿಓಮ್ ಅಂತ ಹಿಡಿದರೂ 20 ಮೀಟರಿಗೆ 5 ಮಿಲಿಓಮ್, 400 ಆಂಪಿಯರಿಗೆ ಸರಿಯಾಗಿ 2 ವೋಲ್ಟ್. ಊರಲ್ಲಿ ಲೈನಿನ ಕೊನೆಗಿರುವ ತೋಟದ ಪಂಪ್‌ಸೆಟ್ ಸಂಜೆ ಹೊತ್ತು ನರಳುತ್ತದಲ್ಲ, ಅದೇ ಕಥೆ. ಇಲ್ಲಿ ಇನ್ನೂ ದೊಡ್ಡ ಥ್ರಸ್ಟರ್ ಹಾಕಿದ್ದರೆ ಅದು ಇನ್ನೂ ಜಾಸ್ತಿ ಕರೆಂಟ್ ಎಳೆದು ವೋಲ್ಟೇಜ್ ಇನ್ನೂ ಕೆಳಗೆ ಹೋಗುತ್ತಿತ್ತು. ಓನರ್ ದುಡ್ಡು ನೀರಿಗೆ.

ನಾವು ಥ್ರಸ್ಟರ್ ಮುಟ್ಟಲೇ ಇಲ್ಲ. ಮೂತಿಯ ಲಾಕರಿನಲ್ಲೇ ಅದಕ್ಕೆಂದು ಬೇರೆ ಎಜಿಎಂ (ಆಸಿಡ್ ಚೆಲ್ಲದ, ಮುಚ್ಚಿದ ಬಗೆಯ) ಬ್ಯಾಟರಿ ಕೂರಿಸಿ, ಒಂದೂವರೆ ಮೀಟರಿನೊಳಗೆ ದಪ್ಪ ಕೇಬಲ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಮತ್ತು ಮೇನ್ ಸ್ವಿಚ್ ಕೊಟ್ಟೆವು. ಹಿಂದಿನಿಂದ ಬರುವುದು ಚಾರ್ಜಿಂಗ್ ಲೈನ್ ಮಾತ್ರ, ಅದು ತೆಳುವಾದರೂ ನಡೆಯುತ್ತದೆ. ಓನರ್ ಬಂದು ಓಡಿಸಿ, "ಹೊಸದು ಹಾಕಿದ್ರಾ?" ಅಂತ ಕೇಳಿದರು.

ಹಾಗಾಗಿ ಕ್ಯಾಟಲಾಗ್ ಓದುವಾಗ ಕೆಜಿ ಜೊತೆಗೆ ಎಷ್ಟು ವೋಲ್ಟಿಗೆ ಆ ಕೆಜಿ ಅಂತಲೂ ನೋಡಿ. 12ಕ್ಕೆ ಬರೆದದ್ದನ್ನೂ 10.5ಕ್ಕೆ ಬರೆದದ್ದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗುತ್ತೀರಿ. 24 ವೋಲ್ಟ್ ಇರುವ ಬೋಟಾದರೆ ಕರೆಂಟು ಅರ್ಧ, ತಲೆನೋವೂ ಕಡಿಮೆ.

ಮಾಮೂಲಿ ಬ್ರಷ್ ಮೋಟರುಗಳು ಒಂದೇ ಸಮ ಓಡಿಸಿದರೆ ಎರಡು ಮೂರು ನಿಮಿಷಕ್ಕೆ ಬಿಸಿಯಾಗಿ ತಾವೇ ನಿಲ್ಲುತ್ತವೆ. ಆ ಲೆಕ್ಕವೂ 20 ಡಿಗ್ರಿ ಚಳಿಯೂರಿನದು. ಆಗಸ್ಟಿನಲ್ಲಿ ಇಲ್ಲಿ ಮುಚ್ಚಿದ ಲಾಕರ್ ತೆಗೆದರೆ ಮುಖಕ್ಕೆ ಒಲೆ ಹೊಡೆದಂತಾಗುತ್ತದೆ, ಮೋಟರ್ ಅಷ್ಟು ಹೊತ್ತೂ ತಡೆಯುವುದಿಲ್ಲ. ಬ್ರಷ್ ಇಲ್ಲದವು ಜಾಸ್ತಿ ಹೊತ್ತು ಓಡುತ್ತವೆ, ವೇಗವನ್ನೂ ಹದವಾಗಿ ಏರಿಸಿ ಇಳಿಸಬಹುದು, ಬೆಲೆ ಮಾತ್ರ ಏರಿಯೇ ಇರುತ್ತದೆ. ಪೆಟ್ರೋಲ್ ಬೋಟಾದರೆ ಕಿಡಿ ಹೊರಗೆ ಬಿಡದ, ಐಎಸ್ಒ 8846 ಗುರುತಿನ ಮೋಟರ್ ಬೇಕೇ ಬೇಕು. ಇದರಲ್ಲಿ ಚೌಕಾಶಿ ಬೇಡ.

ಕೊಳವೆ ಎಲ್ಲಿ ಕೊರೆಯುವುದು ಅನ್ನುವುದರಲ್ಲಿ ಯಾವಾಗಲೂ ಜಗ್ಗಾಟ. ಮುಂದೆ ಹೋದಷ್ಟೂ ಬಲ ಜಾಸ್ತಿ, ಆದರೆ ಮುಂದೆ ಹೋದಷ್ಟೂ ಆಳ ಕಡಿಮೆ. ಕೊಳವೆಯ ಮೇಲಂಚು ನೀರಿನಿಂದ ಕನಿಷ್ಠ ಕೊಳವೆಯ ಅರ್ಧ ಅಗಲದಷ್ಟಾದರೂ ಕೆಳಗಿರಬೇಕು, ಪೂರ್ತಿ ಅಗಲದಷ್ಟಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಗಾಳಿ ಹೀರಿಕೊಂಡು ಬರೀ ಸದ್ದು. ಆಳವೇ ಇಲ್ಲದ ಬೋಟಿಗೆ ಹೊರಗೆ ಅಂಟಿಸುವ ಅಥವಾ ಬೇಕಾದಾಗ ಕೆಳಗಿಳಿಯುವ ಬಗೆಯವೂ ಇವೆ.

ಸ್ಟರ್ನ್ ಥ್ರಸ್ಟರ್ ಬಗ್ಗೆ ಕೇಳಿದರೆ ನಾನು ಮೊದಲು ಎಂಜಿನ್ ಎಷ್ಟು ಅಂತ ಕೇಳುತ್ತೇನೆ. ಎರಡು ಎಂಜಿನ್ ದೂರ ದೂರ ಇದ್ದರೆ ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ಕೊಟ್ಟು ಹಿಂಬದಿಯನ್ನು ಬೇಕಾದಲ್ಲಿಗೆ ತರಬಹುದು. ಒಂದೇ ಎಂಜಿನ್, ಬಲಕ್ಕೆ ತಿರುಗುವ ಪ್ರೊಪೆಲ್ಲರ್ ಆದರೆ ರಿವರ್ಸ್ ಕೊಟ್ಟಾಗ ಹಿಂಬದಿ ತಾನಾಗಿ ಎಡಕ್ಕೆ ಎಳೆಯುತ್ತದೆ. ಎಡಬದಿ ಜೆಟ್ಟಿಗೆ ಕಟ್ಟುವ ಅಭ್ಯಾಸ ಮಾಡಿಕೊಂಡರೆ ಅರ್ಧ ಕೆಲಸ ಪುಕ್ಕಟೆ. ಮಲ್ಪೆಯ ತಾಂಡೇಲರು, ಅಂದರೆ ಮೀನು ಬೋಟು ನಡೆಸುವವರು, ಇಂಥದ್ದನ್ನೆಲ್ಲ ನಂಬಿಯೇ ಒಂದೇ ಎಂಜಿನ್ನಿನ ಬೋಟನ್ನು ಕಿಕ್ಕಿರಿದ ಬಂದರಿನೊಳಗೆ ತೂರಿಸುವುದು, ಅವರ ಬಳಿ ಯಾವ ಥ್ರಸ್ಟರೂ ಇಲ್ಲ. ಎತ್ತರದ ಬೋಟು, ಒಂದೇ ಎಂಜಿನ್, ಬಲಬದಿಗೇ ಕಟ್ಟಬೇಕಾದ ಇಕ್ಕಟ್ಟು ಜಾಗ, ಹೀಗಿದ್ದರೆ ಮಾತ್ರ ಹಿಂದೆಯೂ ಹಾಕಿಸಿ. ನೀರು ಚಿಮ್ಮುವ ದಾರಿಗೆ ಟ್ರಿಮ್ ಟ್ಯಾಬ್ (ಬೋಟಿನ ವಾಲು ಸರಿಮಾಡುವ ಹಿಂಬದಿಯ ಹಲಗೆ) ಆಗಲಿ ಏಣಿಯಾಗಲಿ ಅಡ್ಡ ಬರದಂತೆ ನೋಡಿಕೊಳ್ಳಿ. ಬ್ಯಾಟರಿ ಅಲ್ಲೇ ಹತ್ತಿರ ಇರುವುದರಿಂದ ಕೇಬಲ್ ಖರ್ಚು ಉಳಿಯುತ್ತದೆ. ಆದರೆ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೇ ಅದನ್ನೂ ಜೋಡಿಸಬೇಡಿ.